ಓದಿದ್ದು ತಲೆಯಲ್ಲಿ ನಿಲ್ಲಬೇಕೆ? ಮಿದುಳಿನ ದಾರಿಯಲ್ಲೇ ಹೋಗಿ

ಮೊದಲು ಈ ಸಾಲುಗಳನ್ನು ಒಂದೇ ಒಂದು ಸಲ ಓದಿ.

ಮೇಲಿನದನ್ನು ಕೆಳಗಿನದರ ಮೇಲೆ ಸರಿಯಾಗಿ ಕೂರಿಸಿ. ಹಾಕಿದ್ದನ್ನು ತುಂಬಾ ಒತ್ತಿದರೆ ಕೆಳಗೆ ಏನೂ ಬರುವುದಿಲ್ಲ. ಸಡಿಲ ಬಿಟ್ಟರೆ ಬೇಗ ಬರುತ್ತದೆ, ಆದರೆ ಸತ್ವ ಇರುವುದಿಲ್ಲ. ಮುಚ್ಚಿಟ್ಟ ಮೇಲೆ ಮತ್ತೆ ಮತ್ತೆ ತೆರೆದು ನೋಡಬೇಡಿ. ರಾತ್ರಿಯೇ ಮಾಡಿಟ್ಟರೆ ಬೆಳಗ್ಗೆ ಗಡಿಬಿಡಿ ಇಲ್ಲ. ಮೊದಲ ಸಲದ್ದು ಗಟ್ಟಿ, ಎರಡನೇ ಸಲದ್ದು ತೆಳು. ಇಳಿದದ್ದನ್ನು ಕುದಿಸಬಾರದು.

ಈಗ ಕಣ್ಣು ಮುಚ್ಚಿ, ಎಷ್ಟು ಸಾಲು ನೆನಪಿದೆ ನೋಡಿ. ಕೆಲವರಿಗೆ ನಡುವೆಯೇ ಹೊಳೆದಿರುತ್ತದೆ. ಹೊಳೆಯದವರಿಗೆ ಹೇಳುತ್ತೇನೆ: ಇದು ಫಿಲ್ಟರ್ ಕಾಫಿಗೆ ಡಿಕಾಕ್ಷನ್ ಹಾಕುವ ಕ್ರಮ. ಇನ್ನೊಂದು ಸಲ ಓದಿ. ಒಂದು ಪದವೂ ಬದಲಾಗಿಲ್ಲ, ಆದರೂ ಈಗ ಪ್ರತಿ ಸಾಲೂ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ ಅಲ್ವಾ?

1972ರಲ್ಲಿ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ ಎಂಬ ಮನೋವಿಜ್ಞಾನಿಗಳು ಇಂಥದ್ದೇ ಪ್ರಯೋಗ ಮಾಡಿದರು. ಅವರ ಪಠ್ಯ ಬಟ್ಟೆ ಒಗೆಯುವುದರ ಬಗ್ಗೆ ಇತ್ತು. ವಿಷಯ ಏನೆಂದು ಮೊದಲೇ ಹೇಳಿಸಿಕೊಂಡವರು ಜಾಸ್ತಿ ನೆನಪಿಟ್ಟುಕೊಂಡರು. ಕೇಳಿದ ನಂತರ ವಿಷಯ ತಿಳಿದವರಿಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಮಿದುಳು ಹೊಸ ವಿಷಯವನ್ನು ಒಂಟಿಯಾಗಿ ಇಟ್ಟುಕೊಳ್ಳುವುದಿಲ್ಲ. ಈಗಾಗಲೇ ಗೊತ್ತಿರುವ ಯಾವುದಕ್ಕಾದರೂ ಕಟ್ಟಿ ಇಡುತ್ತದೆ. ಕಟ್ಟಲು ಏನೂ ಸಿಗದಿದ್ದರೆ ಬಿಟ್ಟುಬಿಡುತ್ತದೆ. ನಾವು ಯೋಚಿಸುವಾಗ ಓಡಾಡುವುದು ಕೂಡ ಹೀಗೆ ಕಟ್ಟಿದ ದಾರಿಗಳಲ್ಲೇ. ವಿಜಯನಗರದ ಕೋಚಿಂಗ್ ಕ್ಲಾಸುಗಳಲ್ಲಿ ಕೆಎಎಸ್‌ಗೆ ಓದುತ್ತಿರುವವರು, ಸಿಇಟಿ ಬರೆಯುವ ಮಕ್ಕಳು, ನಲವತ್ತು ದಾಟಿದ ಮೇಲೆ ಹೊಸ ಕೆಲಸ ಕಲಿಯುತ್ತಿರುವವರು "ನನಗೆ ನೆನಪಿನ ಶಕ್ತಿ ಕಮ್ಮಿ" ಎಂದು ಹೇಳುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಬಹಳ ಸಲ ಕಮ್ಮಿ ಇರುವುದು ಶಕ್ತಿಯಲ್ಲ, ಕಟ್ಟುವ ಕ್ರಮ. ಅದನ್ನು ಕಲಿಯಬಹುದು.

ತಲೆಯೊಳಗೆ ಏನಿದೆ

ಮಿದುಳಿನ ತೂಕ ಸುಮಾರು 1.3ರಿಂದ 1.4 ಕೆ.ಜಿ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು, ಆದರೆ ದೇಹ ಸುಮ್ಮನೆ ಕೂತಿರುವಾಗ ಖರ್ಚಾಗುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಬೇಕು. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಸಾವಿರಾರು ಬೇರೆ ಕೋಶಗಳ ಜೊತೆ ಮಾತಾಡುತ್ತದೆ. ಎರಡು ಕೋಶಗಳು ಮತ್ತೆ ಮತ್ತೆ ಒಟ್ಟಿಗೆ ಕೆಲಸ ಮಾಡಿದರೆ ಅವುಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ. ಡೊನಾಲ್ಡ್ ಹೆಬ್ ಎಂಬ ಕೆನಡಾದ ವಿಜ್ಞಾನಿ 1949ರಲ್ಲಿ ಮುಂದಿಟ್ಟ ಈ ವಿಚಾರ ಇವತ್ತಿಗೂ ನೆನಪಿನ ವಿಜ್ಞಾನದ ಬುನಾದಿ.

ಕಾಫಿಯನ್ನೇ ತೆಗೆದುಕೊಳ್ಳಿ. ಅದರ ಬಣ್ಣವನ್ನು ಗುರುತಿಸುವ ಭಾಗ ತಲೆಯ ಹಿಂಬದಿಯಲ್ಲಿದೆ. ಪರಿಮಳಕ್ಕೆ ಬೇರೆ ಭಾಗ, "ಕಾಫಿ" ಎಂಬ ಪದಕ್ಕೆ ಬೇರೆ, ಲೋಟ ಹಿಡಿಯುವ ಕೈ ಚಲನೆಗೆ ಮತ್ತೊಂದು. ಇವೆಲ್ಲ ಒಂದಕ್ಕೊಂದು ಕಟ್ಟಿಕೊಂಡಿರುವುದರಿಂದಲೇ ಪರಿಮಳ ಬಂದ ತಕ್ಷಣ ಹೆಸರೂ ಬರುತ್ತದೆ, ಅಜ್ಜಿಯ ಮನೆಯೂ ನೆನಪಾಗುತ್ತದೆ. ಒಂದು ನೆನಪಿಗೆ ದಾರಿಗಳು ಜಾಸ್ತಿ ಇದ್ದಷ್ಟೂ ಅದು ಬೇಗ ಸಿಗುತ್ತದೆ.

ಮಿದುಳನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯ ಇದೆ. ಹೋಗುವ ಮುಂಚೆ ಯಾವ ದಿನ, ಯಾವ ಹೊತ್ತು ಎಂದು ಕೇಳಿಕೊಳ್ಳಿ. ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಹೋಗಲೇಬೇಕಾದ ಜಾಗ ಅದು.

ಹೆಜ್ಜೆ 1: ಓದುವ ಮುಂಚೆ ತಲೆಬರಹ ಕೊಡಿ

ಪಾಠ ತೆರೆದ ಕೂಡಲೇ ಮೊದಲ ಸಾಲಿನಿಂದ ಶುರು ಮಾಡಬೇಡಿ. ಐದು ನಿಮಿಷ ಶೀರ್ಷಿಕೆಗಳು, ಚಿತ್ರಗಳು, ಕೊನೆಯ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ. ಆಮೇಲೆ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ: ಇದು ಯಾವುದರ ಬಗ್ಗೆ? ಇದರಲ್ಲಿ ನನಗೆ ಈಗಾಗಲೇ ಗೊತ್ತಿರುವುದು ಏನು?

ಎರಡನೇ ಪ್ರಶ್ನೆಯೇ ಮುಖ್ಯ. ರಕ್ತ ಪರಿಚಲನೆಯ ಪಾಠವಾದರೆ, ಮೆಟ್ಟಿಲು ಹತ್ತಿದಾಗ ಎದೆ ಹೊಡೆದುಕೊಳ್ಳುವುದು ನಿಮಗೆ ಗೊತ್ತೇ ಇದೆ. ಸಂವಿಧಾನದ ಪಾಠವಾದರೆ, ನಿಮ್ಮ ವಾರ್ಡು, ನಿಮ್ಮ ಎಂಎಲ್‌ಎ, ವಿಧಾನಸೌಧ ನಿಮಗೆ ಗೊತ್ತು. ಹೊಸ ವಿಷಯ ಬಂದು ಕಟ್ಟಿಕೊಳ್ಳುವುದು ಇವುಗಳಿಗೇ. ಏನೇನೂ ಗೊತ್ತಿಲ್ಲ ಅನ್ನಿಸಿದರೆ ಅದೇ ವಿಷಯದ ಕೆಳಗಿನ ತರಗತಿಯ ಪುಸ್ತಕ ತೆಗೆಯಿರಿ. ಡಿಗ್ರಿ ಓದುವವರು ಎಂಟನೇ ಕ್ಲಾಸಿನ ಪಾಠ ಓದಿದರೆ ಮರ್ಯಾದೆ ಹೋಗುವುದಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮುಂದಿನದು ಸಲೀಸಾಗುತ್ತದೆ.

ಹೆಜ್ಜೆ 2: ಕಟ್ಟೆ ಖಾಲಿ ಮಾಡಿ

ಕಾಗದ ಬಳಸದೆ 47ನ್ನು 36ರಿಂದ ಗುಣಿಸಿ ನೋಡಿ. ಗುಣಿಸುವುದು ನಿಮಗೆ ಬರುತ್ತದೆ. ಆದರೂ ನಡುವೆ ಎಲ್ಲೋ ಒಂದು ಸಂಖ್ಯೆ ಕೈತಪ್ಪುತ್ತದೆ. ಇದಕ್ಕೆ ಕಾರಣ ವಿಜ್ಞಾನಿಗಳು ವರ್ಕಿಂಗ್ ಮೆಮೊರಿ ಎಂದು ಕರೆಯುವ ತಾತ್ಕಾಲಿಕ ನೆನಪು. ಅದು ಇಕ್ಕಟ್ಟಾದ ಅಡುಗೆಮನೆಯ ಕಟ್ಟೆಯ ಹಾಗೆ. ಉಗ್ರಾಣದಲ್ಲಿ ಎಷ್ಟೇ ಸಾಮಾನು ಇರಲಿ, ಹೆಚ್ಚುವುದು, ಬೆರೆಸುವುದು ಕಟ್ಟೆಯ ಮೇಲೆಯೇ ಆಗಬೇಕು, ಅಲ್ಲಿ ಜಾಗ ಕಮ್ಮಿ.

ಎಷ್ಟು ಕಮ್ಮಿ? 1956ರಲ್ಲಿ ಜಾರ್ಜ್ ಮಿಲ್ಲರ್ ಏಳರ ಆಸುಪಾಸು ಎಂದು ಹೇಳಿದರು. 2001ರಲ್ಲಿ ನೆಲ್ಸನ್ ಕೋವನ್ ಹಲವು ಪ್ರಯೋಗಗಳನ್ನು ಪರಿಶೀಲಿಸಿ, ಸುಮಾರು ನಾಲ್ಕು ಎಂದರು. ನಾಲ್ಕೇ ನಾಲ್ಕು! ಅದರಲ್ಲಿ ಒಂದನ್ನು ಆಫೀಸಿನ ಚಿಂತೆ ಹಿಡಿದಿದ್ದರೆ, ಇನ್ನೊಂದನ್ನು ವಾಟ್ಸ್ಆ್ಯಪ್ ಮೆಸೇಜು ಹಿಡಿದಿದ್ದರೆ, ಪಾಠಕ್ಕೆ ಉಳಿಯುವುದು ಏನು?

ಹಾಗಾಗಿ ಓದಲು ಕೂರುವ ಮುಂಚೆ ತಲೆಯಲ್ಲಿ ಸುತ್ತುತ್ತಿರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಬಿಡಿ. ಕರೆಂಟ್ ಬಿಲ್ಲು, ತಂಗಿಗೆ ಫೋನು, ಗ್ಯಾಸ್ ಬುಕಿಂಗ್, ಏನಿದ್ದರೂ ಸರಿ. ಬರೆದಿಟ್ಟ ಮೇಲೆ ಅದನ್ನು ಮಿದುಳು ಹಿಡಿದುಕೊಂಡಿರಬೇಕಿಲ್ಲ. ಫೋನನ್ನು ಉಲ್ಟಾ ಇಡುವುದಲ್ಲ, ಬೇರೆ ರೂಮಿನಲ್ಲೇ ಇಡಿ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದೇವೆ ಎಂದು ನಮಗೆ ಅನ್ನಿಸಿದಾಗಲೂ, ಗಮನ ಬೇಡುವ ಕೆಲಸಗಳಾದರೆ ಮಿದುಳು ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಪ್ರತಿ ಹಾರಾಟಕ್ಕೂ ಸಮಯ ಹೋಗುತ್ತದೆ, ತಪ್ಪೂ ಜಾಸ್ತಿಯಾಗುತ್ತದೆ. ಲೆಕ್ಕ ಮಾಡುವಾಗ, ವಾದ ಕಟ್ಟುವಾಗ, ದೊಡ್ಡ ನಿರ್ಧಾರ ತೆಗೆದುಕೊಳ್ಳುವಾಗ ನಡುವಿನ ಹಂತಗಳನ್ನು ಕಾಗದದ ಮೇಲೆ ಬರೆಯಿರಿ. ಇದು ದಡ್ಡತನದ ಲಕ್ಷಣ ಅಲ್ಲವೇ ಅಲ್ಲ, ಕಟ್ಟೆಯನ್ನು ಉದ್ದ ಮಾಡಿಕೊಳ್ಳುವ ಉಪಾಯ.

ಹೆಜ್ಜೆ 3: ಚೂರುಗಳನ್ನು ಗಂಟು ಕಟ್ಟಿ

ನಾಲ್ಕೇ ಜಾಗ ಇದ್ದರೂ ಹತ್ತು ಅಂಕಿಯ ಮೊಬೈಲ್ ನಂಬರ್ ಹೇಗೆ ನೆನಪಿರುತ್ತದೆ? ನಾವು ಅದನ್ನು ಐದೈದಾಗಿ, ಅಥವಾ ಎರಡು ಮೂರು ಅಂಕಿಗಳ ತುಂಡಾಗಿ ಹೇಳುತ್ತೇವೆ. ಹತ್ತು ಚೂರು ಎರಡೋ ನಾಲ್ಕೋ ಗಂಟಾಗುತ್ತದೆ. ಮಿದುಳು ಎಣಿಸುವುದು ಗಂಟುಗಳನ್ನು, ಒಳಗಿರುವ ಚೂರುಗಳನ್ನಲ್ಲ.

ಜಾಣತನ ಅಂದರೆ ಏನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚೆಸ್ ಆಟಗಾರರಿಗೆ ನಿಜವಾದ ಆಟದ ನಡುವಿನ ಒಂದು ಮಣೆಯನ್ನು ಐದು ಸೆಕೆಂಡು ತೋರಿಸಿ, ಕಾಯಿಗಳನ್ನು ಮತ್ತೆ ಜೋಡಿಸಲು ಹೇಳಿದರು. ನುರಿತ ಆಟಗಾರ ಹೊಸಬನಿಗಿಂತ ಬಹಳ ಮುಂದಿದ್ದ. ಆಮೇಲೆ ಅವೇ ಕಾಯಿಗಳನ್ನು ಅರ್ಥವಿಲ್ಲದೆ ಮನಸ್ಸಿಗೆ ಬಂದಂತೆ ಇಟ್ಟು ತೋರಿಸಿದರು. ಆ ಅಂತರವೇ ಮಾಯವಾಯಿತು. ನುರಿತವನ ಕಣ್ಣು ಕ್ಯಾಮರಾ ಆಗಿರಲಿಲ್ಲ. ಸಾವಿರಾರು ಆಟಗಳಿಂದ ಕಟ್ಟಿಕೊಂಡ ಗಂಟುಗಳು ಅವನ ತಲೆಯಲ್ಲಿದ್ದವು.

ನಮ್ಮಲ್ಲೇ ಇದಕ್ಕೆ ಅದ್ಭುತವಾದ ಉದಾಹರಣೆ ಇದೆ. ಬೆಂಗಳೂರಿನಲ್ಲಿ ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನ ನೋಡಿದವರಿಗೆ ಗೊತ್ತು. ಎದುರಿಗೆ ಎಂಟು ಜನ ಪೃಚ್ಛಕರು, ಅಂದರೆ ಸವಾಲು ಹಾಕುವವರು. ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾ ಹೋಗುತ್ತಾರೆ, ಒಬ್ಬರು ಸಮಸ್ಯೆ, ಅಂದರೆ ಪೂರ್ತಿ ಮಾಡಬೇಕಾದ ಪದ್ಯದ ಒಂದು ಸಾಲು, ಕೊಡುತ್ತಾರೆ, ಒಬ್ಬರು ಪದ್ಯದಲ್ಲಿ ಬರಲೇಬೇಕಾದ ಪದಗಳನ್ನು ಕೊಡುತ್ತಾರೆ, ಸಂಖ್ಯಾಬಂಧದವರು ನಡುವೆ ಎದ್ದು ಚೌಕದ ಒಂದು ಮನೆಗೆ ಸಂಖ್ಯೆ ಕೇಳುತ್ತಾರೆ. ಅಪ್ರಸ್ತುತ ಪ್ರಸಂಗದವರ ಕೆಲಸವೇ ಗಮನ ಕೆಡಿಸುವುದು. ಒಂದು ಸುತ್ತಿನಲ್ಲಿ ಪದ್ಯದ ಒಂದೇ ಪಾದ. ಕೊನೆಯ ಧಾರಣೆಯಲ್ಲಿ ಎಲ್ಲ ಪದ್ಯಗಳನ್ನೂ ಪೂರ್ತಿ ಹೇಳಬೇಕು. ಕಾಗದ, ಪೆನ್ನು ಇಲ್ಲ. ಅಲ್ಲಿ ಕೆಲಸ ಮಾಡುವ ಶಕ್ತಿಗಳು ಹಲವು, ಅವುಗಳಲ್ಲಿ ಒಂದು ಛಂದಸ್ಸು. ಲಯ, ಗಣ, ಪ್ರಾಸ ಮೈಗೂಡಿದವರಿಗೆ ಒಂದು ಪಾದ ಎಂದರೆ ಇಪ್ಪತ್ತು ಬಿಡಿ ಅಕ್ಷರಗಳಲ್ಲ, ಒಂದೇ ಗಂಟು. ನಾವು ಮಗ್ಗಿಯನ್ನು ರಾಗವಾಗಿ ಹೇಳಿ ಕಲಿತದ್ದರಲ್ಲೂ ಇದೇ ಬುದ್ಧಿವಂತಿಕೆ ಇತ್ತು.

ನೀವು ಮಾಡಬೇಕಾದದ್ದು: ಉದ್ದ ಪಟ್ಟಿ ಕಂಡರೆ ಮೂರು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ನಿಮ್ಮದೇ ಹೆಸರು ಇಡಿ. ಗೈಡಿನಲ್ಲಿರುವ ಗುಂಪುಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಗುಂಪು ಮಾಡುವಾಗ ಆಗುವ ಯೋಚನೆಯೇ ಗಂಟು ಹಾಕುವ ಕೆಲಸ, ಅದನ್ನು ಬೇರೆಯವರು ನಿಮಗಾಗಿ ಮಾಡಲು ಆಗುವುದಿಲ್ಲ.

ಹೆಜ್ಜೆ 4: ಜಾಗಕ್ಕೆ ಕಟ್ಟಿ

ಕಿವಿಯ ನೇರಕ್ಕೆ ಒಳಗಡೆ, ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಇದೆ. ಹೊಸ ನೆನಪುಗಳನ್ನು ಕಟ್ಟುವುದು ಅದರ ಕೆಲಸ. ಜಾಗಗಳ ನಕ್ಷೆ ಇಟ್ಟುಕೊಳ್ಳುವುದೂ ಅದರ ಕೆಲಸವೇ. 1971ರಲ್ಲಿ ಜಾನ್ ಓಕೀಫ್ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ, ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಕೋಶಗಳನ್ನು ಕಂಡರು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಮತ್ತು ಅವರ ತಂಡ ಅದರ ಪಕ್ಕದ ಭಾಗದಲ್ಲಿ ಜಾಗವನ್ನು ಅಳೆಯುವ ಬೇರೆ ಕೋಶಗಳನ್ನು ಗುರುತಿಸಿತು. 2014ರಲ್ಲಿ ಓಕೀಫ್ ಮತ್ತು ಇಬ್ಬರು ಮೋಸರ್‌ಗಳಿಗೆ ನೊಬೆಲ್ ಬಂತು. 2000ದಲ್ಲಿ ಎಲೀನರ್ ಮಗ್ವೈರ್ ಲಂಡನ್ನಿನ ಟ್ಯಾಕ್ಸಿ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿಸಿ ನೋಡಿದಾಗ, ಅವರ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಾಗಿತ್ತು.

ಅಂದರೆ ಜಾಗಗಳನ್ನು ನೆನಪಿಡುವುದರಲ್ಲಿ ಮಿದುಳು ಪಳಗಿದೆ. ಈ ಶಕ್ತಿಯನ್ನು ಬೇರೆ ವಿಷಯಕ್ಕೂ ಬಳಸಿಕೊಳ್ಳೋಣ. ಕರ್ನಾಟಕವನ್ನು ಆಳಿದ ರಾಜವಂಶಗಳು ಕ್ರಮವಾಗಿ ಬೇಕು ಎಂದುಕೊಳ್ಳಿ. ಬಸವನಗುಡಿಯಲ್ಲಿ ಒಂದು ನಡಿಗೆ ಹೊರಡಿ, ಮನಸ್ಸಿನಲ್ಲೇ.

ಟಾಗೋರ್ ಸರ್ಕಲ್‌ನಲ್ಲಿ ನಿಂತಿದ್ದೀರಿ. ರಸ್ತೆ ನಡುವೆಯೇ ಒಂದು ದೊಡ್ಡ ಕದಂಬ ಮರ, ಮೈತುಂಬ ಚೆಂಡಿನಂಥ ಹೂವು. ಕದಂಬರು. ಗಾಂಧಿ ಬಜಾರಿಗೆ ಬಂದರೆ ಹೂವಿನ ಅಂಗಡಿಗೆ ಆನೆ ನುಗ್ಗಿ ಸೇವಂತಿಗೆ ಮೇಯುತ್ತಿದೆ. ಆನೆ ಗಂಗರ ಲಾಂಛನ. ವಿದ್ಯಾರ್ಥಿ ಭವನದ ಮುಂದೆ ಮಸಾಲೆ ದೋಸೆಗೆ ಕಾಯುವವರ ಸಾಲಿನಲ್ಲಿ ಒಂದು ವರಾಹ ನಿಂತಿದೆ. ಬಾದಾಮಿ ಚಾಲುಕ್ಯರು. ರಾಮಕೃಷ್ಣ ಆಶ್ರಮದ ಗೇಟಿನ ಹತ್ತಿರ ಅಮೋಘವರ್ಷ ತಾಳೆಗರಿ ಹಿಡಿದು ಕೂತಿದ್ದಾನೆ. ರಾಷ್ಟ್ರಕೂಟರು. ಬ್ಯೂಗಲ್ ರಾಕ್ ಮೇಲೆ ಚಪ್ಪರ ಹಾಕಿ ಮದುವೆ ನಡೆಯುತ್ತಿದೆ, ವಾಲಗದ ಸದ್ದು. ಕಲ್ಯಾಣ ಚಾಲುಕ್ಯರು. ದೊಡ್ಡಗಣಪತಿ ಗುಡಿಯ ಬಾಗಿಲಲ್ಲಿ ಸಳ ಹುಲಿಯ ಜೊತೆ ಹೋರಾಡುತ್ತಿದ್ದಾನೆ. ಹೊಯ್ಸಳರು. ದೊಡ್ಡ ಬಸವಣ್ಣನ ಗುಡಿ ಮುಂದೆ ಹಂಪಿಯ ಕಲ್ಲಿನ ರಥ ಬಂದು ನಿಂತಿದೆ. ವಿಜಯನಗರ.

ಏಳು ಜಾಗ, ಏಳು ವಂಶ. ಈಗ ಬಸವಣ್ಣನಿಂದ ಹಿಂದಕ್ಕೆ ನಡೆದು ನೋಡಿ, ಉಲ್ಟಾ ಕ್ರಮವೂ ಬರುತ್ತದೆ. ನಿಮಗೆ ಬಸವನಗುಡಿ ಗೊತ್ತಿಲ್ಲದಿದ್ದರೆ ಈ ದಾರಿ ಬೇಡ. ಮಲ್ಲೇಶ್ವರದ ಎಂಟನೇ ಕ್ರಾಸು, ನಿಮ್ಮ ಮನೆಯಿಂದ ಬಸ್ ಸ್ಟಾಪಿನವರೆಗಿನ ದಾರಿ, ಯಾವುದಾದರೂ ಸರಿ, ಕಣ್ಣು ಮುಚ್ಚಿದರೂ ನಡೆಯುವಷ್ಟು ಪರಿಚಯ ಇರಬೇಕು. ಚಿತ್ರಗಳು ವಿಚಿತ್ರವಾಗಿರಲಿ, ಅವು ಅಲ್ಲಿ ಏನಾದರೂ ಮಾಡುತ್ತಿರಲಿ. ಸುಮ್ನೆ ನಿಂತ ಚಿತ್ರ ಬೇಗ ಅಳಿಸಿಹೋಗುತ್ತದೆ. ಈ ವಿಧಾನ ಕ್ರಮ ನೆನಪಿಡಲು ಒಳ್ಳೆಯದು. ಯಾಕೆ, ಹೇಗೆ ಎಂಬುದು ಇದರಿಂದ ಅರ್ಥವಾಗುವುದಿಲ್ಲ. ಅದಕ್ಕೆ ಮುಂದಿನ ಹೆಜ್ಜೆ ಬೇಕು.

ಹೆಜ್ಜೆ 5: ಪುಸ್ತಕ ಮುಚ್ಚಿ

ಇದೊಂದನ್ನು ಮಾಡಿ, ಉಳಿದದ್ದನ್ನು ಮರೆತರೂ ಪರವಾಗಿಲ್ಲ ಎಂದು ನಾನು ಹೇಳುವುದು ಈ ಹೆಜ್ಜೆಗೆ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಪಠ್ಯ ಕೊಟ್ಟರು. ಕೆಲವರು ಅದನ್ನು ಮತ್ತೆ ಓದಿದರು. ಕೆಲವರು ಪಠ್ಯ ನೋಡದೆ ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುಗಿತು. ನೆನಪಿನಿಂದ ಬರೆದವರೇ ಸ್ಪಷ್ಟವಾಗಿ ಮುಂದೆ ಬಂದರು. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತ ಅನ್ನಿಸುತ್ತವೆ, ಆ ಪರಿಚಯವನ್ನೇ ನಾವು ಕಲಿಕೆ ಅಂದುಕೊಳ್ಳುತ್ತೇವೆ. ಪರೀಕ್ಷೆಯ ಹಾಲಿನಲ್ಲಿ ಬೇಕಾಗುವುದು ಹೊರಗೆ ತೆಗೆಯುವ ದಾರಿ, ಆ ದಾರಿ ಗಟ್ಟಿಯಾಗುವುದು ಅದರಲ್ಲಿ ನಡೆದಾಗ ಮಾತ್ರ.

ಹಾಗಾಗಿ ಎರಡು ಪುಟ ಓದಿ, ಮುಚ್ಚಿ, ಖಾಲಿ ಹಾಳೆಯಲ್ಲಿ ಬರೆಯಿರಿ. ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ನೆನಪಾಗದೆ ಒದ್ದಾಡುವ ಆ ಒಂದು ನಿಮಿಷ ಹಿಂಸೆ ಅನ್ನಿಸುತ್ತದೆ. ಆದರೆ ಕಲಿಕೆ ನಡೆಯುವುದು ಆಗಲೇ, ಅಲ್ಲಿಂದ ಎದ್ದು ಹೋಗಬೇಡಿ. ಇನ್ನೂ ಒಳ್ಳೆಯದು, ಮನೆಯಲ್ಲಿ ಅಮ್ಮನಿಗೋ ತಮ್ಮನಿಗೋ ಮನೆಮಾತಿನಲ್ಲಿ ವಿವರಿಸಿ. ಇಂಗ್ಲಿಷ್ ಮೀಡಿಯಂನಲ್ಲಿ ಓದುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ: ಪಾಠವನ್ನು ಕನ್ನಡದಲ್ಲಿ ಹೇಳಲು ಹೋಗಿ ನೋಡಿ. ಪುಸ್ತಕದ ವಾಕ್ಯ ಬಾಯಿಪಾಠ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಅರ್ಥವಾಗಿದ್ದರೆ ಮಾತು ಬರುತ್ತದೆ.

ಒಂದು ಸಲ ಸಾಲದು. 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರಾಗಿ ಆಗಿ ಆಮೇಲೆ ನಿಧಾನವಾಗುತ್ತದೆ ಎಂದು ತೋರಿಸಿದ. ಹಾಗಾಗಿ ಅದೇ ಸಂಜೆ ಒಂದು ಸಲ, ಮಾರನೇ ದಿನ, ಮೂರ್ನಾಲ್ಕು ದಿನ ಬಿಟ್ಟು, ಮುಂದಿನ ವಾರ, ಹೀಗೆ ನೆನಪಿಸಿಕೊಳ್ಳಿ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗದಲ್ಲಿ ದಿನಾ ಓಡಾಡುವವರಿಗೆ ಸಮಯದ ಕೊರತೆಯೇ ಇಲ್ಲ. ಸೀಟು ಸಿಗದಿದ್ದರೂ ಇದನ್ನು ಮಾಡಬಹುದು, ಪುಸ್ತಕ ಬೇಕಾಗಿಲ್ಲವಲ್ಲ.

ಹೆಜ್ಜೆ 6: ವಿಷಯ ಬೇರೆ, ಕೈಗೆ ಬರುವುದು ಬೇರೆ

ಅಮೆರಿಕದ ಹೆನ್ರಿ ಮೊಲೈಸನ್‌ಗೆ ಮೂರ್ಛೆರೋಗ ಇತ್ತು. 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಅವನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಅಲ್ಲಿಂದ ಮುಂದೆ, 2008ರಲ್ಲಿ ಸಾಯುವವರೆಗೂ, ಹೊಸ ಘಟನೆಗಳು ಅವನಲ್ಲಿ ನಿಲ್ಲಲಿಲ್ಲ. ಆದರೆ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ಎಳೆಯುವ ಅಭ್ಯಾಸ ಮಾಡಿಸಿದಾಗ, ಅವನ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದಿನ ದಿನ ಅದನ್ನು ಮಾಡಿದ್ದೇ ಅವನಿಗೆ ನೆನಪಿರುತ್ತಿರಲಿಲ್ಲ!

ಇಬ್ಬಗೆಯ ಕಲಿಕೆಗೆ ಮಿದುಳಿನಲ್ಲಿ ಬೇರೆ ಬೇರೆ ದಾರಿ ಇದೆ ಎಂದು ಜಗತ್ತು ಕಲಿತದ್ದು ಈ ಮನುಷ್ಯನಿಂದ. ನಿಮ್ಮ ಪಟ್ಟಿಯನ್ನೂ ಹಾಗೇ ಎರಡು ಮಾಡಿ. ಗಣಿತದ ಲೆಕ್ಕ, ಕಾರು ಓಡಿಸುವುದು, ಕನ್ನಡ ಟೈಪಿಂಗ್, ವೀಣೆ: ಇವು ಓದಿದರೆ ಬರುವುದಿಲ್ಲ, ವಿಡಿಯೊ ನೋಡಿದರೂ ಬರುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಕೈಯಿಂದಲೇ ಮಾಡಬೇಕು.

ಹೆಜ್ಜೆ 7: ಮಲಗಿ

ನಿದ್ದೆಯಲ್ಲಿ ಹಿಪೊಕ್ಯಾಂಪಸ್ ಹಗಲಿನ ಅನುಭವಗಳನ್ನು ಮತ್ತೆ ಓಡಿಸುತ್ತದೆ. 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ಇಲಿಗಳಲ್ಲಿ ಇದನ್ನು ಕಂಡರು. ಗಟ್ಟಿಯಾಗುವ ಕೆಲಸ ಆಗಲೇ ಸಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಮಕ್ಕಳನ್ನು ಕೂರಿಸುವ ಅಪ್ಪ-ಅಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟೇ: ದಯವಿಟ್ಟು ಮಲಗಲು ಬಿಡಿ.

ಹೆಜ್ಜೆ 8: ಮೊದಲು ಹೊಳೆದ ಉತ್ತರವನ್ನು ತಡೆದು ನೋಡಿ

ದೋಸೆ ಮತ್ತು ಕಾಫಿ ಸೇರಿ 110 ರೂಪಾಯಿ. ದೋಸೆಯ ಬೆಲೆ ಕಾಫಿಗಿಂತ 100 ರೂಪಾಯಿ ಜಾಸ್ತಿ. ಕಾಫಿಗೆ ಎಷ್ಟು?

ಹತ್ತು ಅಂದಿರಾ? ಆಗ ದೋಸೆಗೆ 110 ಆಗುತ್ತದೆ, ಒಟ್ಟು 120. ಸರಿಯಾದ ಉತ್ತರ ಐದು. ಶೇನ್ ಫ್ರೆಡರಿಕ್ 2005ರಲ್ಲಿ ಬ್ಯಾಟು-ಚೆಂಡಿನ ಬೆಲೆ ಇಟ್ಟು ಕೇಳಿದ ಪ್ರಶ್ನೆಯ ನಮ್ಮ ರೂಪ ಇದು. ದೊಡ್ಡ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಎಡವಿದ ಪ್ರಶ್ನೆ.

ಹಳೆಯ ದಾರಿಗಳಲ್ಲಿ ಓಡುವ ಮಿದುಳಿಗೆ ಇದೇ ಅಪಾಯ. ಪರಿಚಿತ ದಾರಿ ಕಂಡರೆ ಪ್ರಶ್ನೆ ಪೂರ್ತಿ ಕೇಳುವ ಮುಂಚೆ ಹೊರಟುಬಿಡುತ್ತದೆ. ನೆನಪಿನಲ್ಲೂ ಹೀಗೇ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಕಿರುಚಿತ್ರ ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು "ತಾಗಿದಾಗ" ಎಂಬಂಥ ಮಾತು ಬಳಸಿದಾಗ ಬಂದ ವೇಗಕ್ಕಿಂತ "ಅಪ್ಪಳಿಸಿದಾಗ" ಎಂಬಂಥ ಮಾತು ಬಳಸಿದಾಗ ಬಂದ ವೇಗ ಜಾಸ್ತಿ. ಒಂದು ವಾರದ ನಂತರ ಆ ಎರಡನೇ ಗುಂಪಿನಲ್ಲಿ ಹೆಚ್ಚು ಜನ, ಚಿತ್ರದಲ್ಲಿ ಇರದೇ ಇದ್ದ ಒಡೆದ ಗಾಜನ್ನೂ ನೋಡಿದೆವು ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ಸಲ ನೆನಪಿಸಿಕೊಳ್ಳುವಾಗಲೂ ಮಿದುಳು ನೆನಪನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಕೈಗೆ ಸಿಕ್ಕ ಮಾತುಗಳನ್ನೂ ಸೇರಿಸಿಕೊಳ್ಳುತ್ತದೆ.

ಹಾಗಾಗಿ ಜಗಳ, ಅಪಘಾತ, ದುಡ್ಡಿನ ವ್ಯವಹಾರ ಏನೇ ನಡೆದರೂ, ಬೇರೆಯವರ ಜೊತೆ ಮಾತಾಡುವ ಮುಂಚೆ ನೀವು ಕಂಡದ್ದನ್ನು ಅವತ್ತೇ ಬರೆದಿಡಿ. ಸೈಟು ಕೊಳ್ಳುವಂಥ, ಕೆಲಸ ಬಿಡುವಂಥ ನಿರ್ಧಾರವಾದರೆ ಮೊದಲು ಹೊಳೆದ ಉತ್ತರವನ್ನು ಕಾಗದದ ಎಡಕ್ಕೆ ಬರೆದು, "ಇದು ತಪ್ಪಾಗಿದ್ದರೆ ಯಾಕೆ ತಪ್ಪು?" ಎಂದು ಬಲಕ್ಕೆ ಬರೆಯಿರಿ. ಒಂದು ರಾತ್ರಿ ಬಿಟ್ಟು ಮತ್ತೆ ಓದಿ.

ಮರೆವು ಯಾವಾಗ ಕಾಯಿಲೆ

ಬೀಗದಕೈ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಿತರ ಹೆಸರು ತುದಿನಾಲಿಗೆಯಲ್ಲಿ ನಿಲ್ಲುವುದು ಎಲ್ಲರಿಗೂ ಆಗುತ್ತದೆ. ಮನೆಯ ಹಿರಿಯರು ದಿನಾ ಹೋಗುವ ದಾರಿಯಲ್ಲೇ ತಪ್ಪಿಸಿಕೊಂಡರೆ, ಅದೇ ಪ್ರಶ್ನೆಯನ್ನು ಹತ್ತು ನಿಮಿಷಕ್ಕೊಮ್ಮೆ ಕೇಳಿದರೆ, ವರ್ಷಗಟ್ಟಲೆ ಮಾಡಿದ ಅಡುಗೆಯ ಕ್ರಮವೇ ತಪ್ಪಿದರೆ, "ವಯಸ್ಸಾಯಿತು" ಎಂದು ಬಿಡಬೇಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ದೆಯ ಕೊರತೆ, ಕೆಲವು ಮಾತ್ರೆಗಳು ಕೂಡ ಮರೆವು ತರುತ್ತವೆ. ಇವುಗಳಿಗೆ ಚಿಕಿತ್ಸೆ ಇದೆ. ಮೊದಲು ನಿಮ್ಮ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ತೋರಿಸಿ, ಅವರು ಹೇಳಿದರೆ ನರರೋಗ ತಜ್ಞರನ್ನು ನೋಡಿ. ಚಿಂತೆ, ದುಗುಡದಿಂದ ಓದು ತಲೆಗೆ ಹತ್ತುತ್ತಿಲ್ಲ ಅನ್ನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.